ಕಿಲ್‌ಬ್ರೈಡ್ ಲೇನ್

ನಮ್ಮ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಹೊಗೆ ಹೀರುವ ಫ್ಯಾನಿನ ಪಕ್ಕಕ್ಕೆ, ಜೊಂಡಿನಿಂದ ಹೆಣೆದ ಒಂದು ಶಿಲುಬೆ ತೂಗುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ನಡುವೆ ಚೌಕದ ಹೆಣಿಗೆ, ನಾಲ್ಕು ಕಡೆಗೂ ಒಂದೊಂದು ಕೈ, ಕೈಯ ತುದಿಗೆ ದಾರದ ಕಟ್ಟು. ಒಗ್ಗರಣೆಯ ಘಾಟು ಕುಡಿದು ಕುಡಿದು ಈಗ ಹುರಿದ ರವೆಯ ಬಣ್ಣಕ್ಕೆ ತಿರುಗಿದೆ. ಮನೆಗೆ ಬರುವ ಕನ್ನಡದ ಗೆಳತಿಯರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ದೇವರ ಮನೆಯ ಕಡೆಗೆ ನೋಡುತ್ತಾರೆ, ಆಮೇಲೆ ನನ್ನ ಹಣೆ ನೋಡುತ್ತಾರೆ. ಕುಂಕುಮ ಇದ್ದ ಜಾಗದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ, "ಚೆನ್ನಾಗಿದೆ ರೀ, ಎಲ್ಲಿ ತಗೊಂಡ್ರಿ?" ಎನ್ನುತ್ತಾರೆ. "ಅದು ಬ್ರಿಜಿಡಮ್ಮನದು" ಎಂದಷ್ಟೇ ಹೇಳಿ ನಾನು ಕಾಫಿ ಬಗ್ಗಿಸುತ್ತೇನೆ. ಪೂರ್ತಿ ಹೇಳಬೇಕೆಂದರೆ ಮಗಳ ಮದುವೆಯಿಂದ ಶುರುಮಾಡಬೇಕು, ಅಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ನೀವಾದರೆ ಓದಲೆಂದೇ ಕೂತಿದ್ದೀರಿ, ನಿಮಗೆ ಹೇಳಬಹುದು.

ನಾವಿರುವುದು ಡಾಲಸ್ಸಿನ ಆಚೆಗೆ, ಪ್ಲೇನೋದ ಮಗ್ಗುಲಿನ ಮರ್ಫಿಯಲ್ಲಿ. ನಮ್ಮ ಬಡಾವಣೆಗೆ ಹೆಸರಿಟ್ಟವರು ಐರ್ಲೆಂಡಿನ ಭೂಪಟವನ್ನು ಮುಂದೆ ಹರಡಿಕೊಂಡು ಕೂತಿದ್ದರೋ ಏನೋ, ಬೀದಿಗಳೆಲ್ಲ ಅಲ್ಲಿಯ ಹೆಸರಿನವು. ಕಿಲ್‌ಡೇರ್, ಕಿಲ್‌ಕೆನ್ನಿ, ಗ್ಲೆಂಡಲಾಕ್. ನಮ್ಮದು ಕಿಲ್‌ಬ್ರೈಡ್ ಲೇನ್. ಏಳು ವರ್ಷದ ಹಿಂದೆ ಮನೆ ಕೊಳ್ಳುವಾಗ ನನ್ನ ಗಂಡ ರಮೇಶ್ ಫೋನಿನ ದಿಕ್ಸೂಚಿ ಹಿಡಿದು ಬಾಗಿಲ ಮುಂದೆ ಆರು ಸಲ ನಿಂತು ಪೂರ್ವ ಎಲ್ಲಿದೆ ಎಂದು ನೋಡಿದರು. ನಾನು ಒಲೆ ಯಾವ ಮೂಲೆಯಲ್ಲಿದೆ, ಶಾಲೆ ಹೇಗಿದೆ, ಹಿತ್ತಲಲ್ಲಿ ಕರಿಬೇವು ಬದುಕೀತೇ ಎಂದೆಲ್ಲ ವಿಚಾರಿಸಿದೆ. ಬೀದಿಯ ಹೆಸರನ್ನು ಮಾತ್ರ ಇಬ್ಬರೂ ಒಂದು ಸಲವೂ ಬಿಡಿಸಿ ಓದಲಿಲ್ಲ.

ಇದು ನನಗೆ ನಾಚಿಕೆಯ ಮಾತು. ಏಕೆಂದರೆ ನಾನು ಹೆಸರು ಬಿಡಿಸಿ ಓದುವವರ ಮಗಳು. ನನ್ನ ಅಪ್ಪ ಮೈಸೂರಿನಲ್ಲಿ ರೈಲ್ವೆಯ ಟಪಾಲು ವಿಂಗಡಿಸುವ ಕೆಲಸದಲ್ಲಿದ್ದರು. ಗೂಡು ಗೂಡಿನ ಬೀರುವಿನ ಮುಂದೆ ನಿಂತು ಕಾಗದದ ಮೇಲಿನ ಊರು ನೋಡಿ ನೋಡಿ ಎಸೆಯುವುದೇ ಅವರ ಬದುಕು. ಮನೆಗೆ ಬಂದರೂ ಊರುಗಳು ಅವರನ್ನು ಬಿಡುತ್ತಿರಲಿಲ್ಲ. ತಟ್ಟೆಗೆ ಅನ್ನ ಬೀಳುವ ಮೊದಲು ಒಂದು ಹೆಸರು ಬೀಳುತ್ತಿತ್ತು. "ಶ್ರವಣಬೆಳಗೊಳ, ಹೇಳು ನೋಡೋಣ" ಎನ್ನುತ್ತಿದ್ದರು. ನಾನು ಕಣ್ಣು ಕಣ್ಣು ಬಿಟ್ಟರೆ, "ಶ್ರವಣ ಅಂದ್ರೆ ತಪಸ್ಸು ಮಾಡೋ ಜೈನ ಸನ್ಯಾಸಿ. ಬೆಳಗೊಳ ಅಂದ್ರೆ ಬಿಳಿ ಕೊಳ. ಸನ್ಯಾಸಿ ಕೂತಿದ್ದ ಕೊಳದ ಊರು" ಎಂದು ಬಿಡಿಸಿ ಹೇಳುತ್ತಿದ್ದರು. ಗೊತ್ತಿಲ್ಲದಿದ್ದರೆ ಹಿಂದುಮುಂದು ನೋಡದೆ ಹುಟ್ಟಿಸಿ ಹೇಳುತ್ತಿದ್ದರು. ತಿಪಟೂರು ಎಂದರೆ ತಿಪ್ಪಣ್ಣನೆಂಬ ಒಬ್ಬಾತ ಟೂರ್ ಹೊರಟು, ಅಲ್ಲಿಯ ಎಳನೀರಿಗೆ ಮನಸೋತು ಅಲ್ಲೇ ಉಳಿದ ಊರಂತೆ. ನಾನು ಅದನ್ನು ಆರನೇ ಕ್ಲಾಸಿನ ಸಮಾಜ ಪರೀಕ್ಷೆಯಲ್ಲಿ ಶ್ರದ್ಧೆಯಿಂದ ಬರೆದೆ. ಮೇಷ್ಟ್ರು ಉತ್ತರಪತ್ರಿಕೆಯನ್ನು ಇಡೀ ತರಗತಿಗೆ ಓದಿ ಹೇಳಿದರು. ಆ ವರ್ಷವೆಲ್ಲ ನನ್ನ ಹೆಸರು 'ತಿಪ್ಪಣ್ಣ' ಆಗಿತ್ತು.

ಅಂಥ ಮನೆಯಿಂದ ಬಂದವಳು ಕಿಲ್‌ಬ್ರೈಡ್ ಎಂಬ ಹಲಗೆಯ ಕೆಳಗೆ ಏಳು ವರ್ಷ ಕಾರು ತಿರುಗಿಸಿದೆ.

ಮಗಳು ಮೇಘನಾಗೆ ಮದುವೆ ಗೊತ್ತಾಯಿತು. ಅವಳು ಆಸ್ಟಿನ್ನಿನಲ್ಲಿ ಕೆಲಸದಲ್ಲಿದ್ದಾಳೆ. ಹುಡುಗ ನಿಖಿಲ್, ಹ್ಯೂಸ್ಟನ್ನಿನಲ್ಲಿ ತೈಲ ಕಂಪನಿಗಳು ಸಾಲುಗಟ್ಟಿರುವ ಎನರ್ಜಿ ಕಾರಿಡಾರಿನ ಒಂದು ಆಫೀಸಿನಲ್ಲಿ ಇಂಜಿನಿಯರ್. ಇಬ್ಬರೂ ತಾವೇ ನೋಡಿಕೊಂಡು, ತಾವೇ ಒಪ್ಪಿಕೊಂಡು, ಕೊನೆಗೆ ನಮಗೆ ತಿಳಿಸಿದ್ದು. ನಿಖಿಲನ ತಾಯಿ ವಿದ್ಯಾ ಮಕ್ಕಳ ಡಾಕ್ಟರು, ಧಾರವಾಡದ ಕಡೆಯವರು. ಅವರ ಆಸ್ಪತ್ರೆಯ ಹಗಲು ರಾತ್ರಿಯ ದುಡಿತದ ವರ್ಷಗಳಲ್ಲಿ ಮಗುವನ್ನು ನೋಡಿಕೊಳ್ಳಲು ಬಂದ ಅವರ ತಾಯಿ ಸರೋಜಜ್ಜಿ ಹ್ಯೂಸ್ಟನ್ನಿನಲ್ಲೇ ಉಳಿದರು. ನಿಖಿಲನನ್ನು ಬೆಳೆಸಿದ್ದೇ ಆ ಅಜ್ಜಿ. ಧಾರವಾಡದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ವಯಸ್ಸು ಎಂಬತ್ತು ದಾಟಿದೆ. ಈಗಲೂ ಅಂಗಡಿಯ ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಒಳಗೆ ಹೋಗಿ ಹೇಳಿ ಬರುತ್ತಾರೆ.

ಮದುವೆ ಆಸ್ಟಿನ್ನಿನಲ್ಲಿ, ಅದಕ್ಕೆ ಮೊದಲು ಅರಿಶಿನದ ಶಾಸ್ತ್ರ ನಮ್ಮ ಮನೆಯಲ್ಲಿ ಎಂದಾಯಿತು. ಲಗ್ನಪತ್ರಿಕೆ ಇಂಗ್ಲಿಷಿನಲ್ಲಿ ಸಾಕು ಎಂದು ಮೇಘನಾ ಹೇಳಿದರೂ ನಾನು ಕೇಳದೆ, ಹಿರಿಯರಿಗೆ ಕನ್ನಡದಲ್ಲೂ ಒಂದು ಇರಲಿ ಎಂದು ನಾನೇ ಕೂತು ಟೈಪ್ ಮಾಡಿದೆ. ಮುದ್ರಿಸಿ ಬಂದದ್ದನ್ನು ನೋಡಿ ಹೆಮ್ಮೆಯೂ ಪಟ್ಟೆ. ಮೊದಲ ಕಟ್ಟು ಹ್ಯೂಸ್ಟನ್ನಿಗೆ ಹೋಯಿತು.

ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ವಿದ್ಯಾ ಅವರ ಫೋನು.

"ವಸುಧಾ ಅವ್ರ, ಹೆಂಗ ಹೇಳ್ಬೇಕೋ ತಿಳೀವಲ್ದು. ಅವ್ವ ಎರಡು ದಿವ್ಸದಿಂದ ಪತ್ರಿಕಾ ಕೈಯಾಗ ಹಿಡ್ಕೊಂಡು ಕೂತಾಳ. ಸರಿಯಾಗಿ ಊಟಾನೂ ಮಾಡಿಲ್ಲ."

"ಯಾಕ್ರೀ? ಪ್ರಿಂಟ್ ಚೆನ್ನಾಗಿ ಬಂದಿಲ್ವಾ?"

"ಪ್ರಿಂಟ್ ಛಲೋನ ಬಂದದ. ನಿಮ್ಮ ಮನಿ ಅಡ್ರೆಸ್ ಒಮ್ಮೆ ಓದ್ರಿ."

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪತ್ರಿಕೆ ಓದಿದೆ. ನಾನೇ ಟೈಪ್ ಮಾಡಿದ ಸಾಲು. ಎಲ್ಲಿಂದ ನುಸುಳಿತೋ, ನಡುವೆ ಒಂದು ಜಾಗ ಬಿಟ್ಟಿದ್ದೆ. 'ಕಿಲ್ ಬ್ರೈಡ್ ಲೇನ್.'

"ಅರ್ಥ ಮಾಡ್ರಿ ಈಗ," ಎಂದರು ವಿದ್ಯಾ.

ಕಿಲ್. ಬ್ರೈಡ್. ವಧುವನ್ನು ಕೊಲ್ಲು. ಮದುವೆಯ ಪತ್ರಿಕೆಯಲ್ಲಿ, ಹೆಣ್ಣಿನ ತಾಯಿಯ ಕೈಯಲ್ಲಿ, ಹೂಬಳ್ಳಿಯ ಅಂಚಿನೊಳಗೆ. ನನಗೆ ತಡೆಯಲಾರದ ನಗು ಬಂತು. ದೋಸೆ ಸೀದು ಹೋಯಿತು.

"ನಗಬ್ಯಾಡ್ರಿ," ವಿದ್ಯಾ ದನಿ ಇಳಿಸಿದರು. "ನಾನೂ ಮೊದಲ ನಕ್ಕೆ. ಅವ್ವ ಎದ್ದು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು. ಈ ಓಣಿಯಿಂದ ಹೆಣ್ಣು ತರೂದು ಬ್ಯಾಡ, ತರೂದ ಆದ್ರ ನಾ ಮದುವಿಗೆ ಬರೂದಿಲ್ಲ ಅಂತಾಳ. ನಿಖಿಲ್ ನೋಡಿದ್ರ, ಅಜ್ಜಿ ಬರದಿದ್ರ ನಾ ಮಣಿ ಮ್ಯಾಲೆ ಕೂಡೂದಿಲ್ಲ ಅಂತಾನ."

ಮದುವೆಗೆ ಏಳು ವಾರವಿತ್ತು. ಮೇಘನಾಗೆ ಫೋನ್ ಮಾಡಿದೆ. "ಅಮ್ಮ, ಇಟ್ಸ್ ಜಸ್ಟ್ ಎ ಸ್ಟ್ರೀಟ್ ನೇಮ್!" ಎಂದಳು. ಸಿಟ್ಟಿನಲ್ಲಿ ಇನ್ನೂ ಏನೇನೋ ಹೇಳಿ, ಕೊನೆಗೆ ಸಣ್ಣ ದನಿಯಲ್ಲಿ, "ಡಸ್ ಶಿ ನಾಟ್ ವಾಂಟ್ ಮಿ?" ಎಂದು ಕೇಳಿದಳು. ರಮೇಶ್ ವ್ಯವಹಾರಸ್ಥರು. "ಬೀದಿ ಹೆಸರು ಬಿಟ್ಟು ಜಿಪ್ ಕೋಡ್ ಹಾಕು, ಜಿಪಿಎಸ್ ಕರ್ಕೊಂಡು ಬರುತ್ತೆ" ಎಂದರು. ಮೇಘನಾಳ ಆಸ್ಟಿನ್ನಿನ ವಿಳಾಸ ಹಾಕಿ ಬೇರೆ ಪತ್ರಿಕೆ ಮಾಡಿಸುತ್ತೇವೆಂದು ಹ್ಯೂಸ್ಟನ್ನಿಗೆ ಹೇಳಿ ಕಳಿಸಿದ್ದೂ ಆಯಿತು. ಅಜ್ಜಿಯ ಉತ್ತರ ವಿದ್ಯಾ ಅವರ ಬಾಯಲ್ಲಿ ಬಂತು: "ಹೆಸರು ಮುಚ್ಚಿಟ್ರ ಓಣಿ ಬ್ಯಾರೆ ಆಗ್ತದೇನು?"

ಆ ಮಾತು ನನ್ನನ್ನು ಹಿಡಿದುಕೊಂಡಿತು. ನನ್ನ ಅಪ್ಪನಾದರೂ ಅದನ್ನೇ ಕೇಳುತ್ತಿದ್ದರು. ಅಲ್ಲ, ಯಾವ ಪುಣ್ಯಾತ್ಮ ಒಂದು ಊರಿಗೆ ಹೀಗೆ ಹೆಸರಿಡುತ್ತಾನೆ? ಏನಾದರೂ ಅರ್ಥ ಇರಲೇಬೇಕು. ಈ ಸಲ ತಿಪ್ಪಣ್ಣನ ಕಥೆ ನಡೆಯುವುದಿಲ್ಲ, ನಿಜವಾದದ್ದೇ ಬೇಕು.

ಕಿಲ್‌ಡೇರ್ ಬೀದಿಯ ಮೂಲೆಮನೆಯಲ್ಲಿ ನೋರಾ ಎಂಬ ಹಿರಿಯ ಹೆಂಗಸು ಇದ್ದಾರೆ. ದಿನಾ ಸಂಜೆ ನಾಯಿಯೊಡನೆ ಬಡಾವಣೆಯ ಕೆರೆಯ ಸುತ್ತ ನಡೆಯುತ್ತಾರೆ. ಕೆರೆ ಎಂದರೆ ದೊಡ್ಡದೇನಲ್ಲ, ಮಳೆನೀರು ನಿಲ್ಲಲೆಂದು ತೋಡಿದ ಹೊಂಡ, ಸುತ್ತ ಜೊಂಡು. ಐರ್ಲೆಂಡಿನಿಂದ ನರ್ಸ್ ಆಗಿ ಬಂದವರೆಂದು ಕೇಳಿದ್ದೆ. ಏಳು ವರ್ಷದಲ್ಲಿ ನಾವು 'ಹಾಯ್' ಮತ್ತು 'ತುಂಬಾ ಸೆಕೆ' ಎಂಬ ಎರಡು ಮಾತು ಬಿಟ್ಟು ಮೂರನೆಯದು ಆಡಿರಲಿಲ್ಲ. ಅಂದು ಅಡ್ಡಹಾಕಿ ನಿಲ್ಲಿಸಿ, ಪತ್ರಿಕೆಯ ಕಥೆ ಹೇಳಿ, ಕಿಲ್‌ಬ್ರೈಡ್ ಎಂದರೇನು ಎಂದು ಕೇಳಿದೆ. ನೋರಾ ನಾಯಿಯ ಹಗ್ಗ ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ: "ಅಯ್ಯೋ ಮಗು, ಗುಡಿಯಲ್ಲಿ ಇದ್ದುಕೊಂಡು ಇದು ಕಟುಕರ ಬೀದಿಯೇ ಅಂತ ಕೇಳ್ತಿದ್ದೀಯಲ್ಲ!"

ಐರಿಷ್ ಭಾಷೆಯಲ್ಲಿ ಕಿಲ್ ಎಂದರೆ ಚರ್ಚು. ಮೊದಲು ಅದು ಸನ್ಯಾಸಿಯ ಒಂಟಿ ಕೋಣೆಗೆ ಇದ್ದ ಹೆಸರು. ಲ್ಯಾಟಿನ್ನಿನಿಂದ ಬಂದ ಪದ, ನಮ್ಮ ಕೈಯ ಸೆಲ್ ಫೋನಿನ ಸೆಲ್ಲಿಗೂ ಅದೇ ಮೂಲ. ಯಾರೋ ಒಬ್ಬ ಸನ್ಯಾಸಿ ಕಾಡಿನಲ್ಲೋ ಬೆಟ್ಟದಲ್ಲೋ ಒಂದು ಕೋಣೆ ಕಟ್ಟಿಕೊಂಡು ಕೂರುತ್ತಿದ್ದ, ಹುಡುಕಿಕೊಂಡು ನಾಲ್ಕು ಜನ ಬರುತ್ತಿದ್ದರು, ಅವರ ಹಿಂದೆ ಹಸು, ಹೊಲ, ಪಾಠಶಾಲೆ. ಸಾವಿರದ ಐನೂರು ವರ್ಷದ ಹಿಂದಿನ ಮಾತು. ಕಿಲ್‌ಕೆನ್ನಿ ಎಂದರೆ ಕ್ಯಾನಿಸ್ ಎಂಬ ಸಂತನ ಗುಡಿ. ಕಿಲ್‌ಡೇರ್ ಎಂದರೆ ಓಕ್ ಮರದಡಿಯ ಗುಡಿ. ಗ್ಲೆಂಡಲಾಕ್ ಎಂದರೆ ಎರಡು ಕೆರೆಯ ಕಣಿವೆ. ಕೆವಿನ್ ಎಂಬ ಸಂತ ಅಲ್ಲಿ ಕೈ ಚಾಚಿ ಪ್ರಾರ್ಥನೆಗೆ ನಿಂತಾಗ ಒಂದು ಕಪ್ಪು ಹಕ್ಕಿ ಬಂದು ಅಂಗೈಯಲ್ಲಿ ಮೊಟ್ಟೆಯಿಟ್ಟಿತಂತೆ. ಮರಿಯಾಗಿ ಹಾರುವವರೆಗೂ ಆತ ಕೈ ಇಳಿಸಲಿಲ್ಲ. ನೋರಾ ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದವನು ಕೋಲ್ಮನ್. ಅವನ ಊರು ಕಿಲ್‌ಮ್ಯಾಕ್‌ಡುವಾ, ಡುವಾನ ಮಗನ ಗುಡಿ. ಆಸ್ತಿ ಎಂದರೆ ಒಂದು ಹುಂಜ, ಒಂದು ಇಲಿ, ಒಂದು ನೊಣ. ಹುಂಜ ಪ್ರಾರ್ಥನೆಗೆ ಎಬ್ಬಿಸುತ್ತಿತ್ತು. ಅವನು ಮತ್ತೆ ತೂಕಡಿಸಿದರೆ ಇಲಿ ಕಿವಿ ಕಚ್ಚುತ್ತಿತ್ತು. ಓದು ನಿಲ್ಲಿಸಿ ಎದ್ದುಹೋದರೆ, ವಾಪಸ್ ಬರುವವರೆಗೆ ನೊಣ ಪುಸ್ತಕದ ಆ ಸಾಲಿನ ಮೇಲೆ ಕೂತಿರುತ್ತಿತ್ತು. ಮೂರು ಅಲಾರಾಂ ಇಟ್ಟುಕೊಂಡು ಮೂರನ್ನೂ ಮಲಗಿಸಿ ಮಲಗುವ ನನಗೆ ಆ ಇಲಿಯೊಂದು ಸಿಕ್ಕಿದ್ದರೆ ಎನಿಸಿತು.

"ಹಾಗಾದ್ರೆ ಬ್ರೈಡ್?" ಎಂದೆ.

"ಅದು ನಮ್ಮ ಬ್ರಿಜಿಡ್. ನಮ್ಮ ಭಾಷೆಯಲ್ಲಿ ಕಿಲ್ ವ್ರೀಜ. ಬ್ರಿಜಿಡಳ ಗುಡಿ. ಇಂಗ್ಲಿಷಿನವರ ಕಿವಿಗೆ ಅದು ಬ್ರೈಡ್ ಆಯಿತು. ಐರ್ಲೆಂಡಿನಲ್ಲಿ ಎಷ್ಟು ಕಿಲ್‌ಬ್ರೈಡ್ ಇವೆಯೋ ನನಗೇ ಗೊತ್ತಿಲ್ಲ," ಎಂದರು ನೋರಾ.

ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು ಬ್ರಿಜಿಡಳ ಕಥೆ ಕೇಳಿದೆ. ತಂದೆ ಪಾಳೆಯಗಾರ, ತಾಯಿ ಅವನ ಮನೆಯ ದಾಸಿ. ಹುಡುಗಿಗೆ ಚಿಕ್ಕಂದಿನಿಂದ ಕೈ ಬಿಗಿಯಿಲ್ಲ. ಕಡೆದ ಬೆಣ್ಣೆಯೆಲ್ಲ ಬಡವರಿಗೆ, ಅಪ್ಪನ ರತ್ನದ ಕತ್ತಿ ಒಬ್ಬ ಕುಷ್ಠರೋಗಿಗೆ. ಇವಳನ್ನು ಬೇಗ ಮದುವೆ ಮಾಡಿ ಸಾಗಹಾಕೋಣ ಎಂದು ಮನೆಯವರು ಹೊರಟರು. ಅವಳು ಒಲ್ಲೆ ಎಂದಳು. ಕೇಳಲಿಲ್ಲ. ಆಗ ತನ್ನ ಕಣ್ಣಿಗೆ ತಾನೇ ಬೆರಳು ಹಾಕಿ ಗುಡ್ಡೆ ಕಿತ್ತುಕೊಂಡು, ಈಗ ಯಾರು ಬರುತ್ತಾರೆ ಬರಲಿ ಎಂದಳಂತೆ. ಅಪ್ಪ ಸೋತ. ಸನ್ಯಾಸ ತೆಗೆದುಕೊಂಡ ದಿನ ಕಣ್ಣು ಮೊದಲಿನಂತಾಯಿತು. ಆಮೇಲೆ ಮಠಕ್ಕೆ ಜಾಗ ಬೇಕೆಂದು ರಾಜನ ಮುಂದೆ ನಿಂತಳು. ಅವನು ಕೊಡಲಿಲ್ಲ. "ನನ್ನ ಈ ಹೊದಿಕೆ ಮುಚ್ಚುವಷ್ಟು ಕೊಡು" ಎಂದಳು. ಅವನು ನಕ್ಕು ಒಪ್ಪಿದ. ನಾಲ್ವರು ಹುಡುಗಿಯರು ನಾಲ್ಕು ಮೂಲೆ ಹಿಡಿದು ನಾಲ್ಕು ದಿಕ್ಕಿಗೆ ಓಡಿದರು, ಹೊದಿಕೆ ಬೆಳೆಯುತ್ತ ಹೋಯಿತು. ಅಷ್ಟು ಕೇಳಿದವಳೇ ನಾನು, "ಇದು ನಮ್ಮ ವಾಮನನ ಕಥೆ!" ಎಂದು ಕೂಗಿ, ನೋರಾಗೆ ಬಲಿಚಕ್ರವರ್ತಿಯ ಕಥೆ ಹೇಳಿದೆ. ಆ ಸಂಜೆ ನಾಯಿಯ ವಾಕಿಂಗ್ ಅರ್ಧಕ್ಕೇ ನಿಂತಿತು.

ಫೆಬ್ರವರಿ ಒಂದರಂದು ಬ್ರಿಜಿಡಳ ಹಬ್ಬ. ಅಂದು ಬೆಳಿಗ್ಗೆ ನೋರಾ ಹೊಂಡದ ಜೊಂಡು ಕೊಯ್ದು, ಈ ಶಿಲುಬೆ ಹೆಣೆದು ತಂದುಕೊಟ್ಟರು. ಅಡುಗೆಮನೆಯಲ್ಲಿ ಕಟ್ಟಿದರೆ ಮನೆಗೆ ಬೆಂಕಿಯ ಭಯವಿಲ್ಲವಂತೆ. ಹೊಂಡದ ಗಿಡ ಮುಟ್ಟಬಾರದೆಂದು ಬಡಾವಣೆಯ ಕಮಿಟಿಯ ನಿಯಮವಿದೆ. "ಅವರ ಬೀದಿಗೆಲ್ಲ ಹೆಸರು ಕೊಟ್ಟಿದ್ದು ನಮ್ಮ ಸಂತರು, ಎರಡು ಕಡ್ಡಿಗೆ ಲೆಕ್ಕ ಕೇಳಲಿ ನೋಡೋಣ," ಎಂದರು ನೋರಾ.

ಆ ವಾರದ ಕೊನೆಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹ್ಯೂಸ್ಟನ್ನಿಗೆ ಹೋದೆ. ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ಅಜ್ಜಿ ನಂಬುವವರಲ್ಲ. ಹ್ಯೂಸ್ಟನ್ ಮಗ್ಗುಲಿನ ಸ್ಟಾಫರ್ಡಿನ ಇಂಡಿಯನ್ ಅಂಗಡಿಯಲ್ಲಿ ಮಲ್ಲಿಗೆ ದಂಡೆ, ವೀಳ್ಯದೆಲೆ ತಗೊಂಡು ಅಲ್ಲಿಗೆ ಹತ್ತಿರದ ವಿದ್ಯಾ ಅವರ ಮನೆ ಮುಟ್ಟಿದಾಗ ಮಧ್ಯಾಹ್ನ. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಸಣ್ಣ ಆಕೃತಿ, ಬಿಗಿಯಾಗಿ ಕಟ್ಟಿದ ಬಿಳಿ ತುರುಬು. ಮುಂದಿನ ಮೇಜಿನ ಮೇಲೆ ಲಗ್ನಪತ್ರಿಕೆ.

"ಬರ್ರಿ, ಕೂಡ್ರಿ. ಮೊದಲ ಊಟಾ ಮಾಡ್ರಿ. ಹಸದ ಹೊಟ್ಟಿಲೆ ವಾದ ಮಾಡಬಾರದು," ಎಂದರು.

ಊಟವಾದ ಮೇಲೆ ನಾನು ಶುರುಮಾಡಿದೆ. ಅಜ್ಜಿ ಅರ್ಧದಲ್ಲೇ ತಡೆದರು. "ಕಿಲ್ ಅಂದ್ರ ಗುಡಿ ಅಂತೀರಿ. ಆಧಾರ ಏನು?"

"ನೋರಾ ಅಂತ, ನಮ್ಮ ಪಕ್ಕದ ಬೀದಿಯವರು, ಐರ್ಲೆಂಡಿನವರೇ. ನರ್ಸ್ ಆಗಿದ್ದರು."

"ನರ್ಸು ವ್ಯಾಕರಣ ಹೇಳಿದ್ರ ನಾ ಒಪ್ಪೂದಿಲ್ಲ. ವಿದ್ಯಾ, ಡಿಕ್ಷನರಿ ತಗಿ."

ವಿದ್ಯಾ ಫೋನಿನಲ್ಲಿ ಹುಡುಕಿ, ಲ್ಯಾಟಿನ್ನಿನಿಂದ ಹಿಡಿದು ಓದಿದರು. ಅಜ್ಜಿ ಕಣ್ಣು ಮುಚ್ಚಿ ಕೇಳಿ, "ಹೂಂ, ಪದ ಖರೇ ಅದ," ಎಂದು ಪಾಸು ಮಾಡಿದರು. ಆಮೇಲೆ ಅವರಿಗೂ ಕುತೂಹಲ ಹತ್ತಿತು. ಕೆವಿನ್ನನ ಹಕ್ಕಿಯ ಕಥೆ ಬಂದಾಗ, "ಶೃಂಗೇರಿ ಹೊಳಿ ದಂಡ್ಯಾಗ ಕಪ್ಪಿಗೆ ಹಾವು ಹೆಡಿ ಎತ್ತಿ ನೆರಳು ಕೊಟ್ಟಂಗಾತಲ್ಲ ಇದು. ಅದನ್ನ ನೋಡೇ ಅಲ್ಲೆ ಮಠ ಕಟ್ಟಿದ್ರು ಅಂತಾರ," ಎಂದರು. ಕೋಲ್ಮನ್ನನ ನೊಣಕ್ಕೆ ಬಾಯಿಗೆ ಸೆರಗು ಹಿಡಿದು ನಕ್ಕರು. ಗೆದ್ದೆ ಎಂದುಕೊಂಡು ನಾನು ಬ್ರಿಜಿಡಳ ಕಣ್ಣಿನ ಕಥೆ ಹೇಳಿದೆ.

ಅಜ್ಜಿ ನಗು ನಿಲ್ಲಿಸಿದರು. ಪತ್ರಿಕೆಯ ಅಂಚನ್ನು ಬೆರಳಿನಿಂದ ಸವರಿದರು.

"ಅಪ್ಪ ಕಡೀಕೆ ಒಪ್ಪಿದ್ನೇನು?"

"ಒಪ್ಪಿದ್ನಂತೆ ಅಜ್ಜಿ."

"ಆಕಿ ಮಠದಾಗ ಬ್ಯಾರೆ ಹೆಣ್ಣುಮಕ್ಕಳೂ ಇರ್ತಿದ್ರೇನು?"

"ಇರ್ತಿದ್ರಂತೆ. ಯಾರು ಬಂದ್ರೂ ಬಾಗಿಲು ತೆಗೀತಿದ್ರು ಅಂತ ನೋರಾ ಹೇಳಿದ್ರು."

"ಯಾರು ಬಂದ್ರೂ," ಎಂದರು ಅಜ್ಜಿ. ಆಮೇಲೆ ನನ್ನನ್ನೂ ನೋಡದೆ, ಮಗಳನ್ನೂ ನೋಡದೆ, ಕಿಟಕಿಯ ಕಡೆಗೆ ತಿರುಗಿ ಹೇಳಿದರು. "ನನ್ನ ಬೆನ್ನಿಗೆ ಬಿದ್ದಾಕಿ ಒಬ್ಬಾಕಿ ಇದ್ಲು. ಕಮಲಾ."

"ಕಮಲಾ ಮೌಶಿ ಜ್ವರ ಬಂದು ಹೋದ್ಲು ಅಂತಿದ್ದೆಲ್ಲವ್ವ," ಎಂದರು ವಿದ್ಯಾ.

"ಹಂಗ ಹೇಳ್ಬೇಕು ಅಂತ ಅಪ್ಪ ಹೇಳಿದ್ದ. ಹೇಳಿಕೋತ ಬಂದೆ. ಹದಿನೇಳು ವರ್ಷಕ್ಕ ಆಕಿ ಲಗ್ನ ಆತು. ನಾ ಕಾಲೇಜ್ ಕಲೀತಿದ್ದೆ ಅಂತ ನಂದು ನಿಂತಿತ್ತು. ಎರಡು ತಿಂಗಳಾಗಿತ್ತು, ಆಕಿ ಕಾರ್ಡು ಬಂತು. ಅಪ್ಪಾ, ನನ್ನ ಕರಕೊಂಡು ಹೋಗು ಅಂತ. ಅಪ್ಪಗ ಕಣ್ಣು ಮಂಜಾಗಿದ್ವು. ಆಂವ ಹೇಳತಿದ್ದ, ನಾ ಬರೀತಿದ್ದೆ. ಹೊಂದಿಕೊಂಡು ಇರು, ಇನ್ನ ಅದ ನಿನ್ನ ಮನಿ ಅಂತ. ನನ್ನ ಅಕ್ಷರ ಛಲೋ ಇದ್ವು. ಅಡ್ರೆಸ್ ಅಂತೂ ಇಂಗ್ಲಿಷಿನ್ಯಾಗ ಚಂದಗೆ ತಿದ್ದಿ ತಿದ್ದಿ ಬರದೆ. ಅಂಥಾ ಮೂರು ಕಾರ್ಡು ಬರದೆ. ನಾಲ್ಕನೇದು ಬರಿಯೋ ಕೆಲಸ ಬೀಳಲಿಲ್ಲ."

ವಿದ್ಯಾ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟರು.

"ನೀರಿಗೆ ಹೋದಾಗ ಬಾವ್ಯಾಗ ಕಾಲು ಜಾರಿತು ಅಂದ್ರು. ನಾ ಆ ಬಾವಿ ನೋಡಿ ಬಂದೀನಿ. ಎದಿಮಟ ಕಟ್ಟಿ ಇತ್ತು." ಅಜ್ಜಿ ತಮ್ಮ ಎದೆಯ ಮೇಲೆ ಕೈ ಅಡ್ಡ ಹಿಡಿದು ಆ ಎತ್ತರ ತೋರಿಸಿದರು. "ಅದಕ್ಕ, ನಿಮ್ಮ ಪತ್ರಿಕಾದಾಗ ಹಂಗ ಓದಿದಾಗ ನನಗ ನಗು ಬರಲಿಲ್ಲ ವಸುಧಾ. ಅಂಥಾ ಅಡ್ರೆಸ್ಸಿಗೆ ಕಾರ್ಡು ಬರದ ಕೈ ಇದು."

ವಿದ್ಯಾ ಎದ್ದುಹೋಗಿ ತಾಯಿಯ ಪಾದದ ಬಳಿ ನೆಲದ ಮೇಲೆ ಕೂತು ಅವರ ಮಡಿಲಿಗೆ ತಲೆಯಿಟ್ಟರು. ನಾನು ಕೊಂಡುಹೋಗಿದ್ದ ಮಲ್ಲಿಗೆಯ ಪೊಟ್ಟಣವನ್ನು ಸುಮ್ಮನೆ ಬಿಚ್ಚುವುದು, ಸುತ್ತುವುದು ಮಾಡುತ್ತಿದ್ದೆ. ಭಾನುವಾರದ ದೋಸೆಯ ಮುಂದೆ ನಾನು ನಕ್ಕ ನಗು ನೆನಪಾಗಿ ಮುಖ ಎತ್ತಲಾಗಲಿಲ್ಲ. "ಅಜ್ಜಿ, ನಾನು ಅವತ್ತು..." ಎಂದೆ.

"ನಿಮಗೇನು ಗೊತ್ತಿತ್ತು, ಬಿಡ್ರಿ," ಎಂದರು. ಮೂಗು ಒರೆಸಿಕೊಂಡು ಒಮ್ಮೆಲೇ ಮತ್ತೆ ಟೀಚರಾದರು. "ಅರ್ಥ ಛಲೋನ ಅದ. ತಪ್ಪು ಇರೂದು ನಿಮ್ಮ ಬರವಣಿಗಿಯೊಳಗ. ಒಂದ ಪದಾ ಅದು. ನಡುವ ಯಾಕ ಜ್ಯಾಗಾ ಬಿಟ್ಟೀರಿ? ವಿದ್ಯಾ, ನನ್ನ ಕೆಂಪು ಪೆನ್ನು ಕೊಡು."

ಪೆನ್ನು ಬಂತು. 'ಕಿಲ್' ಮತ್ತು 'ಬ್ರೈಡ್' ನಡುವೆ ಪುಟ್ಟ ಕಮಾನೊಂದನ್ನು ಎಳೆದು ಎರಡನ್ನೂ ಕೂಡಿಸಿದರು. ಹೊಸದು ಮುದ್ರಿಸುತ್ತೇನೆಂದರೂ ಒಪ್ಪದೆ, ನಮ್ಮಲ್ಲಿ ಹಂಚದೆ ಉಳಿದಿದ್ದ ಕಟ್ಟುಗಳನ್ನೂ ತರಿಸಿಕೊಂಡು ಒಂದೊಂದನ್ನೂ ತಿದ್ದಿ ಇಟ್ಟರು. ಹಾಗಾಗಿ ನಮ್ಮ ನೆಂಟರಿಷ್ಟರ ಮನೆಗೆ ಹೋದ ಲಗ್ನಪತ್ರಿಕೆಗಳಲ್ಲಿ ಒಂದು ಕೆಂಪು ಕಮಾನು ಇದೆ. ಅದು ಡಿಸೈನ್ ಎಂದೇ ಹಲವರು ತಿಳಿದಿದ್ದಾರೆ.

ಅರಿಶಿನದ ದಿನ ಅಜ್ಜಿ ಮರ್ಫಿಗೆ ಬಂದರು. ಕಾರಿನಿಂದ ಇಳಿದವರೇ ಮನೆಯೊಳಗೆ ಬರಲಿಲ್ಲ, ಬೀದಿಯ ಮೂಲೆಗೆ ನಡೆದು ಹಲಗೆಯ ಕೆಳಗೆ ನಿಂತರು. ಮೇಘನಾ ಅರಿಶಿನದ ಮೈಯಲ್ಲೇ ಅವರ ಹಿಂದೆ ಓಡಿದಳು. ಅಜ್ಜಿ ಅವಳ ಕೈ ಹಿಡಿದುಕೊಂಡು ಹಲಗೆ ನೋಡುತ್ತ ಏನೋ ಹೇಳಿದರು. ಏನೆಂದು ನಾನು ಆಮೇಲೆ ಕೇಳಿದಾಗ ಮೇಘನಾ, "ಏನೇ ಆದ್ರೂ ಮೊದಲು ನನಗೆ ಹೇಳು, ನಾನು ಬರ್ತೀನಿ ಅಂದ್ರು," ಎಂದಳು. ಕನ್ನಡದಲ್ಲೇ ಹೇಳಿದಳು.

ಒಳಗೆ ನೋರಾ ಹಳದಿ ಸ್ವೆಟರು ತೊಟ್ಟು ಆಗಲೇ ಬಂದು ಕೂತಿದ್ದರು. ಅಜ್ಜಿ ಒಲೆಯ ಮೇಲಿನ ಶಿಲುಬೆ ನೋಡಿ, "ಸ್ವಸ್ತಿಕದ ಹಂಗ ಅದ ಇದು," ಎಂದು ಮೆಚ್ಚಿ, ನೋರಾ ಪಕ್ಕದಲ್ಲಿ ಕೂತರು. ಒಬ್ಬರದು ಧಾರವಾಡದ ಹೈಸ್ಕೂಲಿನ ಇಂಗ್ಲಿಷ್, ಇನ್ನೊಬ್ಬರದು ಐರ್ಲೆಂಡಿನ ಗಾಲ್ವೇ ಕಡೆಯ ಇಂಗ್ಲಿಷ್. ಮೇಘನಾಳ ಗೆಳತಿಯರಿಗೆ ಎರಡೂ ಅರ್ಥವಾಗಲಿಲ್ಲ, ಅವರಿಬ್ಬರಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ. ನಿಮ್ಮ ಊರಿನ ಸಂತ ಯಾರು ಎಂದು ಅಜ್ಜಿ ಕೇಳಿದರು. ನೋರಾ ತಲೆಯಾಡಿಸಿದರು. ಅವರ ಊರಿಗೂ ಕಿಲ್ ಎಂದೇ ಹೆಸರು ಶುರುವಾಗುತ್ತದೆ, ಮುಂದೆ ಒಬ್ಬರ ಹೆಸರೂ ಇದೆ. ಆದರೆ ಅವರು ಹೆಣ್ಣೋ ಗಂಡೋ, ಏನು ಮಾಡಿದರು, ಹೇಗೆ ಸತ್ತರು, ಯಾವುದೂ ಯಾರಿಗೂ ತಿಳಿಯದು. ಹುಲ್ಲಿನಲ್ಲಿ ಒಂದು ಮೋಟು ಗೋಡೆ ಇದೆ ಅಷ್ಟೆ. ಐರ್ಲೆಂಡಿನ ತುಂಬ ಅಂಥವರು ಬಹಳ ಜನ ಇದ್ದಾರೆ ಎಂದರು ನೋರಾ.

"ಮತ್ತ ಆ ಹೆಸರು ಹೆಂಗ ಉಳೀತು?" ಎಂದು ಅಜ್ಜಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. ನಾನು ಅದನ್ನು ನೋರಾಗೆ ದಾಟಿಸಿದೆ.

"ದಿನಾ ಯಾರಾದರೂ ಕರೀತಾ ಇರ್ತಾರಲ್ಲ," ಎಂದರು ನೋರಾ. "ಸಂತೆಗೆ ಹೋಗುವವರು, ಕಾಗದ ಬರೆಯುವವರು."

ಮೇಘನಾಳ ಕೆನ್ನೆಗೆ ಅರಿಶಿನ ಹಚ್ಚುವ ತಮ್ಮ ಸರದಿ ಬಂದಾಗ ಅಜ್ಜಿ ಎದ್ದರು.

ಮದುವೆಯ ಬೆಳಿಗ್ಗೆ ಆಸ್ಟಿನ್ನಿನಲ್ಲಿ ಮುಹೂರ್ತಕ್ಕೆ ಮೊದಲು ಗಂಡಿನ ಕಡೆಯ ನಾಂದಿ ನಡೆಯುತ್ತಿತ್ತು. ಮನೆತನದ ಹಿರಿಯರ ಹೆಸರೆತ್ತಿ, ಬಂದು ಹರಸಿರಿ ಎಂದು ಕರೆಯುವ ಹೊತ್ತು. ನಾನು ಹಣ್ಣಿನ ತಟ್ಟೆ ಕೊಡಲು ಹೋದವಳು ಅಲ್ಲೇ ಕಂಬದ ಪಕ್ಕ ನಿಂತೆ. ಪುರೋಹಿತರು ಬೆಂಗಳೂರಿನ ಕಡೆಯವರು, ವಯಸ್ಸು ಚಿಕ್ಕದು, ಕೆಲಸ ಚುರುಕು. ಹೆಸರುಗಳೆಲ್ಲ ಮುಗಿದವು ಎನ್ನುವಾಗ ಅಜ್ಜಿ ಕುರ್ಚಿಯಿಂದ ಎದ್ದು ಮಣೆಯ ಹತ್ತಿರ ಬಂದರು.

"ಇನ್ನೊಂದು ಹೆಸರು ಅದ. ಸೇರಸ್ರಿ."

"ಯಾರದಮ್ಮ?"

"ಕಮಲಾ. ನನ್ನ ತಂಗಿ."

ಪುರೋಹಿತರು ಇದು ಕ್ರಮದಲ್ಲಿಲ್ಲವಲ್ಲ ಎಂಬಂತೆ ವಿದ್ಯಾ ಅವರ ಮುಖ ನೋಡಿದರು. ವಿದ್ಯಾ ಕೈ ಮುಗಿದರು. "ಆಗಲಿ. ಗೋತ್ರ?"

"ಅತ್ರಿ."

"ಅದು ನಿಮ್ಮ ತಂದೆ ಮನೆಯದೋ, ಅವರ ಗಂಡನ ಮನೆಯದೋ?"

"ನಮ್ಮಪ್ಪಂದು."

"ಅವರಿಗೆ ಮದುವೆ ಆಗಿತ್ತಾ ಅಮ್ಮ?"

"ಆಗಿತ್ತು."

"ಹಾಗಾದ್ರೆ ಗಂಡನ ಗೋತ್ರ ಹೇಳ್ಬೇಕಾಗುತ್ತೆ," ಎಂದರು ಪುರೋಹಿತರು ಮೆತ್ತಗೆ.

"ಬ್ಯಾಡ್ರಿ," ಎಂದರು ಅಜ್ಜಿ. "ಆಕಿ ಮನಿಗೆ ಬಂದಾಳ. ಅಪ್ಪಂದ ಹೇಳ್ರಿ."

ಮಣೆಯ ಮೇಲಿದ್ದ ನಿಖಿಲ್ ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಪುರೋಹಿತರು ಅಕ್ಷತೆ ಕೈಗೆ ತೆಗೆದುಕೊಂಡು, ಅತ್ರಿ ಗೋತ್ರದ ಕಮಲಾ ಎಂದು ಸಂಸ್ಕೃತದಲ್ಲಿ ಕರೆದರು.

"ಇನ್ನೊಮ್ಮೆ ಹೇಳ್ರಿ. ನನಗ ಕೇಳಸಲಿಲ್ಲ," ಎಂದರು ಅಜ್ಜಿ.

ಅಜ್ಜಿಯ ಕಿವಿ ಚೆನ್ನಾಗಿಯೇ ಇದೆ. ಪುರೋಹಿತರು ದನಿ ಏರಿಸಿ ಇನ್ನೊಮ್ಮೆ ಕರೆದರು.